ಸಹಾಯ ಬೇಕು: ಹಡಗಿನ ಬ್ಲಾಕ್ ಅಳತೆ, ಟೋಟಲ್ ಸ್ಟೇಷನ್ ಗೊತ್ತಿದ್ದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ಶರಣು. ನಾನು ಕಲಬುರಗಿಯವನು, ಕರಾವಳಿಯ ಒಂದು ಶಿಪ್‌ಯಾರ್ಡ್‌ನಲ್ಲಿ ಅಳತೆ ಚೆಕ್ ಮಾಡುವ ಕೆಲಸ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಸಮುದ್ರ ಇಲ್ಲದ ಊರಲ್ಲಿ ಹಡಗಿನ ಪ್ರಶ್ನೆ ಯಾಕೆ ಅಂತ ನಗಬೇಡಿ, ಇಲ್ಲಿ ರಸ್ತೆ ಸರ್ವೆಗೆ ಬಳಸುವ ಟೋಟಲ್ ಸ್ಟೇಷನ್ನೇ (ಕೋನ, ದೂರ ಅಳೆದು ಪಾಯಿಂಟ್ ಎಲ್ಲಿದೆ ಅಂತ ಹೇಳುವ ಯಂತ್ರ) ಅಲ್ಲೂ ಇರೋದು.

ಹಡಗನ್ನು ಬ್ಲಾಕ್ ಬ್ಲಾಕಾಗಿ ಕಟ್ಟಿ, ಆಮೇಲೆ ಕ್ರೇನಿನಲ್ಲಿ ಎತ್ತಿ ಕೂಡಿಸುತ್ತಾರೆ. ವೆಲ್ಡಿಂಗ್ ಆದಮೇಲೆ ಪ್ಲೇಟ್ ಕುಗ್ಗುತ್ತೆ, ಒಂದು ಮೂಲೆ ಎಳೆಯುತ್ತೆ, ಅದು ಮೊದಲೇ ಗೊತ್ತಾಗದಿದ್ರೆ ಕೂಡಿಸುವ ಹೊತ್ತಿಗೆ ಕಟ್ ಮಾಡುತ್ತಾ ಕೂರಬೇಕು. ಯಂತ್ರ ಇದ್ದರೂ ನಮ್ಮ ದಿನದ ಅಳತೆ ಇನ್ನೂ ಟೇಪ್, ತೂಗುಗುಂಡು, ಕಾಗದದ ಶೀಟು. ಹೋದ ತಿಂಗಳು ಬೆವರು ಬಿದ್ದು ಶೀಟಿನಲ್ಲಿದ್ದ 7 ನೋಡಲು 1 ಆಗಿ ಅರ್ಧ ದಿನ ಹಾಳಾಯ್ತು.

ಈಗ ಟೋಟಲ್ ಸ್ಟೇಷನ್ನಿನಲ್ಲಿ ಅಳೆದ ಪಾಯಿಂಟ್‌ಗಳನ್ನು ಸಿಎಸ್‌ವಿ ಫೈಲಿಗೆ ತೆಗೆದು, ಪುಕ್ಕಟೆ ಸಿಗುವ ಕ್ಲೌಡ್‌ಕಂಪೇರ್ ಅನ್ನೋ ಸಾಫ್ಟ್‌ವೇರಿನಲ್ಲಿ ಡಿಸೈನ್ ಜೊತೆ ಹೊಂದಿಸಿ ನೋಡುತ್ತಿದ್ದೇನೆ. ಅದರಲ್ಲಿ ಸ್ಕೇಲ್ (ಗಾತ್ರ ಬದಲಿಸುವ ಆಯ್ಕೆ) ಬಂದ್ ಇಟ್ಟಿದ್ದೇನೆ, ಇಲ್ಲಾಂದ್ರೆ ಅದು ಬ್ಲಾಕನ್ನೇ ಹಿಗ್ಗಿಸಿ ಎಲ್ಲ ಸರಿ ಇದೆ ಅನ್ನುತ್ತೆ! ಆದರೆ ಒಂದೇ ಮೂಲೆ 9 ಮಿ.ಮೀ. ತಪ್ಪಿದ್ದರೆ ಬೆಸ್ಟ್‌ಫಿಟ್ (ಎಲ್ಲ ಪಾಯಿಂಟ್ ಸೇರಿಸಿ ಒಟ್ಟಾರೆ ಹೊಂದಿಸುವ ಲೆಕ್ಕ) ಆ ತಪ್ಪನ್ನು ಎಲ್ಲ ಮೂಲೆಗೂ ಹಂಚಿಬಿಡುತ್ತೆ. ಮುಖ್ಯವಾದ ಪಾಯಿಂಟ್‌ಗಳಿಗೆ ಈ ಲೆಕ್ಕದಲ್ಲಿ ಜಾಸ್ತಿ ತೂಕ (ಪ್ರಾಮುಖ್ಯ) ಕೊಡೋದು ಹೇಗೆ? ಎಕ್ಸೆಲ್ ಸಾಲ್ವರ್ ಸಾಕಾ, ಪೈಥಾನ್ ಬೇಕಾ?

ಇನ್ನೊಂದು, ಬಿಸಿಲು. 12 ಮೀಟರ್ ಉಕ್ಕು 20 ಡಿಗ್ರಿ ಜಾಸ್ತಿ ಕಾದರೆ ಸುಮಾರು 3 ಮಿ.ಮೀ. ಬೆಳೆಯುತ್ತೆ. ಯಂತ್ರಕ್ಕೆ ತಾಪಮಾನ ಹಾಕಿದರೂ ಅದು ಗಾಳಿಯ ಲೆಕ್ಕ, ಉಕ್ಕಿನದಲ್ಲ, ಅಲ್ವಾ? ಹಾಗಾದ್ರೆ ಶೀಟಿನಲ್ಲಿ ಪ್ಲೇಟಿನ ಬಿಸಿಗೆ ಬೇರೆ ಕಾಲಂ ಇಡಲಾ?

ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾರಾದ್ರೂ ಸಿಗೋದಾದ್ರೆ ಲ್ಯಾಪ್‌ಟಾಪ್ ತರುತ್ತೇನೆ, ಚಾ ನನ್ನದು.