ಮಲ್ಪೆಯಲ್ಲಿ ಸಂಸಾರ ಹೂಡಬಹುದೇ? ಅಲ್ಲಿ ಇರುವವರು ಹೇಳಿ

ಬೆಣ್ಣೆದೋಸೆ

ನಮಸ್ಕಾರ. ನಮ್ಮದು ದಾವಣಗೆರೆ. ಜನವರಿಯಿಂದ ಮಣಿಪಾಲದಲ್ಲಿ ಕೆಲಸ, ಸದ್ಯಕ್ಕೆ ಒಬ್ಬನೇ ಒಂದು ಕೋಣೆಯಲ್ಲಿದ್ದೇನೆ. ಮೇ ತಿಂಗಳಿಗೆ ಮನೆಯವರನ್ನೆಲ್ಲ ಕರೆತರಬೇಕು. ಹೆಂಡತಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮೊಣಕಾಲು ನೋವಿನ ತಾಯಿ.

ಸಂಕ್ರಾಂತಿ ರಜೆಗೆ ಅವರು ಬಂದಿದ್ದಾಗ ಎರಡು ದಿನ ಮಲ್ಪೆಯಲ್ಲಿ ಉಳಿದೆವು. ಮಗಳು ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳ ಮೇಲೆ ಕುಳಿತವಳು ಏಳಲು ಒಪ್ಪಲಿಲ್ಲ. ಸಂಜೆ ಸೀ ವಾಕ್ ಮೇಲೆ ಅಮ್ಮನಿಗೆ ಕುರ್ಚಿ ಹಾಕಿಕೊಟ್ಟವರು ಯಾರೋ ಗುರುತಿಲ್ಲದವರು. ಅಂದೇ ಮನಸ್ಸು ಮಾಡಿದೆವು. ಈಗ ಕಡಲಿಗೆ ಐವತ್ತು ಹೆಜ್ಜೆ ದೂರದಲ್ಲಿ ಬಾಡಿಗೆಗೆ ಒಂದು ಮನೆ ಸಿಕ್ಕಿದೆ. ಹೊಸ ಬಣ್ಣ, ಅಂಗಳದಲ್ಲಿ ನಾಲ್ಕು ತೆಂಗಿನಮರ, ಮಲಗುವ ಕೋಣೆಗೆ ಅಲೆಯ ಸದ್ದು. ಈ ತಿಂಗಳ ಕೊನೆಯೊಳಗೆ ಮುಂಗಡ ಕೊಡಬೇಕು ಎನ್ನುತ್ತಿದ್ದಾರೆ.

ನಾವು ಸಸ್ಯಾಹಾರಿಗಳು. ತುಳು ಬರುವುದಿಲ್ಲ. ಶಾಲೆ, ಆಸ್ಪತ್ರೆ, ನೀರು, ಮೀನಿನ ವಾಸನೆ, ಎಲ್ಲದರ ಬಗ್ಗೆಯೂ ಮುಲಾಜಿಲ್ಲದೆ ಹೇಳಿ.

ಕಲ್ಮಾಡಿ ಸೇತುವೆ

ಜನವರಿಯಲ್ಲಿ ನೋಡಿದ ಮಲ್ಪೆಯನ್ನು ನಂಬಿ ಮುಂಗಡ ಕೊಡಬೇಡಿ. ಜನವರಿಯಲ್ಲಿ ನಮ್ಮ ಸಮುದ್ರ ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ಕುಳಿತ ಹಾಗೆ ಇರುತ್ತದೆ. ಜುಲೈಯಲ್ಲಿ ಬಂದು ನೋಡಿ, ಆಮೇಲೆ ಮಾತು.

ಬೆಣ್ಣೆದೋಸೆ

ಜುಲೈವರೆಗೆ ಕಾದರೆ ಮಕ್ಕಳ ಶಾಲೆ ತಪ್ಪುತ್ತದೆಯಲ್ಲ ಸರ್?

ಧಾರವಾಡದ ಸೊಸೆಯಲ್ಲ

ನಾನು ಧಾರವಾಡದವಳು. ಗಂಡನೂ ಆ ಕಡೆಯವರೇ, ಹಾಗಾಗಿ ಯಾರ ಸೊಸೆಯಾಗಿಯೂ ಈ ಊರಿಗೆ ಬಂದವಳಲ್ಲ. ವರ್ಗವಾಗಿ ಬಂದೆ. ಮೂರು ವರ್ಷ ಇದ್ದು ಹೋಗುವುದು ಎಂದುಕೊಂಡಿದ್ದೆ, ಹನ್ನೊಂದು ವರ್ಷವಾಯಿತು. ನಿಮ್ಮ ಬರಹದಲ್ಲಿ 'ಹೊಸ ಬಣ್ಣ' ಎಂಬ ಎರಡು ಪದ ನೋಡಿ ಕೆಲಸ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೊದಲ ಮನೆಯೂ ಹಾಗೆಯೇ ಇತ್ತು. ನವೆಂಬರ್‌ನಲ್ಲಿ ನೋಡಿದ್ದು. ಬಾವಿಯ ನೀರು ಎಳನೀರಿನಂತಿದೆ ಎಂದರು, ಕುಡಿದು ನೋಡಿದೆವು, ನಿಜವಾಗಿಯೂ ಹಾಗೆಯೇ ಇತ್ತು. ಏಪ್ರಿಲ್ ಬಂತು. ಒಂದು ದಿನ ತೊಗರಿಬೇಳೆ ಬೇಯಲಿಲ್ಲ. ಬೇಳೆ ಹಳೆಯದು ಎಂದು ಅಂಗಡಿಯವನ ಜೊತೆ ಜಗಳವಾಡಿ ಬೇರೆ ತಂದೆ. ಅದೂ ಬೇಯಲಿಲ್ಲ. ಕುಕ್ಕರ್ ಎಂಟು ಸಲ ಕೂಗಿದರೂ ಬೇಳೆ ಮುತ್ತಿನ ಹಾಗೆ ಬಿಡಿಬಿಡಿ. ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದ, "ನಿಮ್ಮ ಬಾವಿಗೆ ಉಪ್ಪು ಬಂದಿರಬೇಕು, ಒಂದು ಕೊಡ ತೆಗೆದುಕೊಂಡು ಹೋಗಿ" ಎಂದರು. ಮಳೆ ಕಡಿಮೆಯಾಗಿ ಸಿಹಿನೀರು ಇಳಿದಂತೆ ಕಡಲ ಪಕ್ಕದ ಬಾವಿಗೆ ಉಪ್ಪುನೀರು ಒಳನುಗ್ಗುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಸಿಹಿಯಾಗುತ್ತದೆ. ಮನೆಯ ಯಜಮಾನರು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದು ತಪ್ಪು ತಿಂಗಳಲ್ಲಿ, ಅಷ್ಟೆ.

ಜುಲೈವರೆಗೆ ಕಾಯಲು ಆಗುವುದಿಲ್ಲ ಎನ್ನುತ್ತೀರಿ. ಕಾಯಬೇಕಾಗಿಲ್ಲ. ಜುಲೈ ತನ್ನ ಗುರುತುಗಳನ್ನು ಮನೆಯ ಮೇಲೆ ಬಿಟ್ಟೇ ಹೋಗಿರುತ್ತದೆ, ಮಾರ್ಚ್‌ನಲ್ಲೂ ಓದಬಹುದು. ಭಾನುವಾರ ಹೋಗಿ ಇಷ್ಟು ನೋಡಿ.

ಬಣ್ಣ ಗೋಡೆಗೆಲ್ಲ ಹೊಸದೋ, ಕೆಳಗಿನ ಮೂರಡಿಗೆ ಮಾತ್ರ ಹೊಸದೋ? ಕೆಳಗೆ ಮಾತ್ರ ಎಂದರೆ ಕಳೆದ ಮಳೆಗಾಲದಲ್ಲಿ ಅಲ್ಲಿಯವರೆಗೆ ತೇವ ಏರಿದೆ, ಬೂಷ್ಟು ಹಿಡಿದಿದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿ ಹಿಂದೆ ಇಣುಕಿ, ಬಣ್ಣ ಬಳಿಯುವವರು ಅಲ್ಲಿಗೆ ಕೈ ಹಾಕಿರುವುದಿಲ್ಲ. ಕಿಟಕಿಯ ಸರಳನ್ನು ಬುಡದಲ್ಲಿ ಉಗುರಿನಿಂದ ಕೆರೆಯಿರಿ, ತುಕ್ಕು ಪದರಪದರವಾಗಿ ಎದ್ದರೆ ನಿಮ್ಮ ಗ್ಯಾಸ್ ಒಲೆ, ವಾಷಿಂಗ್ ಮೆಷಿನ್, ಸ್ಕೂಟರಿನ ಗತಿಯೂ ಅದೇ. ತಾರಸಿಯ ಮೇಲೆ ತಗಡಿನ ಚಪ್ಪರ ಇದೆಯೇ? ಅದನ್ನು ನೋಡಿ ಅಸಹ್ಯ ಎಂದುಕೊಳ್ಳಬೇಡಿ. ಇಲ್ಲಿ ಬಟ್ಟೆ ಒಣಗುವುದು ಅದರ ಕೆಳಗೇ. ದಾವಣಗೆರೆಯಲ್ಲಿ ಐದಾರು ವರ್ಷ ಸುರಿಯುವ ಮಳೆ ಇಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ, ಸುಮಾರು 4,000 ಮಿಲಿಮೀಟರ್. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನನ್ನ ಮಗನ ಒಂದು ಸಮವಸ್ತ್ರದ ಚಡ್ಡಿ ಮೂರು ದಿನ ಒಣಗದೆ, ಕೊನೆಗೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಹಬೆಯಾಡಿದ್ದನ್ನೇ ತೊಡಿಸಿ ಕಳಿಸಿದ್ದೇನೆ. ಬಸ್ ನಿಲ್ದಾಣಕ್ಕೆ ತಲುಪುವಷ್ಟರಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ಸುದ್ದಿ ಬಂತು. ಅವನ ಕುಣಿತ ನೋಡಬೇಕಿತ್ತು.

ಕೊನೆಯದಾಗಿ, ಅಂಗಳದಿಂದ ಕಡಲ ಕಡೆಗೆ ನೋಡಿ. ದೊಡ್ಡ ದೊಡ್ಡ ಕಲ್ಲು ಪೇರಿಸಿದ ತಡೆಗೋಡೆ ಕಂಡರೆ 'ರಕ್ಷಣೆ ಇದೆ' ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಕಡಲ್ಕೊರೆತ ಆದಲ್ಲಿಗೆ ಕಲ್ಲು ಬರುತ್ತದೆ, ಮೊದಲೇ ಬರುವುದಿಲ್ಲ.

ಈಗ ವಾಸನೆಯ ವಿಷಯ. ಇದೆ. ಬಂದರಿನ ಹತ್ತಿರ ಇಡೀ ವರ್ಷ, ಉಳಿದೆಡೆ ಗಾಳಿ ತಿರುಗಿದಾಗ. ಒಂದು ವರ್ಷಕ್ಕೆ ಮೂಗು ಒಗ್ಗುತ್ತದೆ, ಊರಿಗೆ ಹೋದಾಗ ತಂಗಿ ನನ್ನ ಸೀರೆ ಮೂಸಿ ಮುಖ ಸಿಂಡರಿಸಿದಾಗಲೇ ಅದು ನೆನಪಾಗುವುದು. ಸಸ್ಯಾಹಾರಿಗಳು ಎಂಬ ಕಾರಣಕ್ಕೆ ಯಾರೂ ದೂರ ಇಡುವುದಿಲ್ಲ. ಬೇಲಿಯಾಚೆಯ ಆ ಅಕ್ಕ ನಸುಕಿಗೇ ಬಂದರಿಗೆ ಹೋಗಿ ಬುಟ್ಟಿಯಲ್ಲಿ ಬಂಗುಡೆ ತುಂಬಿಕೊಂಡು ಮನೆಮನೆಗೆ ಮಾರುವವರು. ನಮ್ಮ ಬಾಗಿಲಿಗೆ ಬರುವಾಗ ಬುಟ್ಟಿಯನ್ನು ಗೇಟಿನ ಹೊರಗೇ ಇಳಿಸುತ್ತಾರೆ. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಅವರ ಮಗಳನ್ನು ಕೊಟ್ಟದ್ದು ಮಟ್ಟುವಿಗೆ. ಚಳಿಗಾಲ ಮುಗಿಯುವವರೆಗೂ ನಮಗೆ ಗುಳ್ಳಬದನೆ ಕೊಳ್ಳುವ ಪ್ರಮೇಯವೇ ಬರುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಮಟ್ಟುಗುಳ್ಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಸುರಿದು ಹೋಗುತ್ತಾರೆ. ನಾನು ಅದಕ್ಕೆ ನಮ್ಮ ಕಡೆಯ ಎಣ್ಣೆಗಾಯಿ ಮಾಡಿ ಕೊಡುತ್ತೇನೆ. ಅವರಿಗೆ ಇಷ್ಟವೋ ಇಲ್ಲವೋ ಇವತ್ತಿಗೂ ತಿಳಿಯದು, ಪಾತ್ರೆ ಮಾತ್ರ ಖಾಲಿಯಾಗಿ ಬರುತ್ತದೆ.

ಶಾಲೆಯ ಬಗ್ಗೆ ಉದ್ದ ಬರೆಯುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲು. ಮಕ್ಕಳು ಆರು ತಿಂಗಳಲ್ಲಿ ತುಳು ಕಲಿಯುತ್ತಾರೆ, ನಿಮಗೆ ಗೊತ್ತಾಗಬಾರದ ಮಾತುಗಳನ್ನು ಅದರಲ್ಲೇ ಆಡುತ್ತಾರೆ. ಅದಕ್ಕಾಗಿಯಾದರೂ ನೀವು ಕಲಿಯಿರಿ.

ನನ್ನ ಸಲಹೆ: ಕಡಲ ದಂಡೆಯ ಮನೆ ಬಿಟ್ಟು ಕೊಡವೂರಿನ ಕಡೆ, ಒಂದೆರಡು ಕಿಲೋಮೀಟರ್ ಒಳಗೆ ಹುಡುಕಿ. ಅಲೆಯ ಸದ್ದು ಬೇಕೆಂದರೆ ಚಿಂತೆ ಬೇಡ, ಜುಲೈ ರಾತ್ರಿ ಅದು ಅಲ್ಲಿಗೂ ಕೇಳುತ್ತದೆ.

ನಾಡದೋಣಿ

ಅಕ್ಕ ಬರೆದದ್ದೆಲ್ಲ ಸರಿ, ವಾಸನೆಯ ವಿಷಯದಲ್ಲಿ ಮಾತ್ರ ನಮ್ಮ ಪರವಾಗಿ ಒಂದು ಮಾತು. ತಾಜಾ ಮೀನಿಗೆ ವಾಸನೆ ಕಡಿಮೆ. ಮೂಗಿಗೆ ಬಡಿಯುವುದು ಒಣಮೀನು ಮತ್ತು ಮೀನಿನ ಹುಡಿ ಮಾಡುವ ಕಡೆಯಿಂದ ಬರುವ ಗಾಳಿ. ಮನೆ ಹುಡುಕುವಾಗ ಅದು ಯಾವ ದಿಕ್ಕಿಗಿದೆ ಎಂದು ಕೇಳಿ.

ನಮ್ಮದು ಮೊಗವೀರರ ಮನೆ, ಅಪ್ಪ ನಲವತ್ತು ವರ್ಷ ಕಡಲಿಗೆ ಹೋದವರು. ನಾನು ದೋಣಿಯ ಎಂಜಿನ್ ರಿಪೇರಿ ಮಾಡುತ್ತೇನೆ. ನಿಮ್ಮ ನಾಲ್ಕು ವರ್ಷದ ಮಗನ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನೀವು ನೋಡಿದ ದಂಡೆ ಮೆತ್ತಗಿರುವುದಕ್ಕೆ ಕಾರಣ ಎದುರಿನ ದ್ವೀಪಗಳು. ಸೈಂಟ್ ಮೇರೀಸ್, ಬಿದನೂರಿನ ನಾಯಕರ ಕಾಲದ ಕೋಟೆಯಿರುವ ದರಿಯಾ ಬಹದ್ದೂರ್‌ಗಡ, ಇವೆಲ್ಲ ಅಡ್ಡ ನಿಂತು ಅಲೆಯ ಪೆಟ್ಟನ್ನು ತಾವು ತಿನ್ನುತ್ತವೆ. ಇಲ್ಲಿ ಬಂದರು ಬೆಳೆದದ್ದೂ ಅದರಿಂದಲೇ. ಮಳೆಗಾಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದಂಡೆಗೆ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ, ದ್ವೀಪದ ದೋಣಿ ನಿಲ್ಲುತ್ತದೆ. ಪ್ರತಿ ವರ್ಷ ದೂರದೂರಿಂದ ಬಂದ ಯಾರೋ ಆ ಬಲೆ ದಾಟುತ್ತಾರೆ. ಹುಡುಕಲು ಇಳಿಯುವವರು ನಮ್ಮ ಹುಡುಗರು.

ನಮ್ಮ ಮನೆಯ ಮಕ್ಕಳಿಗೆ ನಡೆಯಲು ಬಂದ ಕೂಡಲೇ ಕಲಿಸುವುದು ಒಂದೇ: ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಫೋಟೊಕ್ಕೂ ಇಲ್ಲ. ಅಳಿವೆಯ ಹತ್ತಿರ, ಅಂದರೆ ಉದ್ಯಾವರ ಹೊಳೆ ಕಡಲಿಗೆ ಸೇರುವಲ್ಲಿ, ಮೊಣಕಾಲಿನಷ್ಟು ನೀರಿಗೂ ಇಳಿಯಬಾರದು. ಇಳಿತದ ಹೊತ್ತಿಗೆ ನೀರು ಕಾಲಿನ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಇದನ್ನು ನಿಮ್ಮ ಮಗನಿಗೆ ನೀವು ಹೇಳಿದರೆ ಕೇಳುವುದಿಲ್ಲ. ನಮ್ಮ ಕೇರಿಯ ಎಂಟು ವರ್ಷದ ಹುಡುಗ ಹೇಳಿದರೆ ಕೇಳುತ್ತಾನೆ, ಆಡಲು ಕಳಿಸಿ.

ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳು ಮಾತ್ರ ಕಡಲು ಬಿಟ್ಟ ದಿನ ಹೋಗುತ್ತವೆ. ಸಾಲಾಗಿ ಕಟ್ಟಿದ ಬೋಟುಗಳು, ಊರಿಗೆ ಹೋದ ಕೆಲಸಗಾರರು, ಅರ್ಧ ಬಾಗಿಲು ಹಾಕಿದ ಹೋಟೆಲುಗಳು. ಹೊಸದಾಗಿ ಬಂದವರಿಗೆ ಊರು ಸತ್ತಿದೆ ಎನಿಸುತ್ತದೆ. ನಮಗೆ ಅದೇ ಬಲೆ ಹೆಣೆಯುವ, ಮನೆಯಲ್ಲಿ ಕುಳಿತು ಊಟ ಮಾಡುವ ಕಾಲ. ಮುಂದೆ ಕಡಲಿಗೆ ಹಾಲು, ಹೂವು ಅರ್ಪಿಸಿ ಪೂಜೆ ಮಾಡಿ ಬೋಟು ಇಳಿಸುವಾಗ ಮಕ್ಕಳನ್ನು ಕರೆದುಕೊಂಡು ಬನ್ನಿ.

ಕಲ್ಮಾಡಿ ಸೇತುವೆ

ತಾಯಿಯವರ ವಿಷಯ. ಮಣಿಪಾಲದ ಆಸ್ಪತ್ರೆಗೆ ಮಲ್ಪೆಯಿಂದ ಹತ್ತು ಹನ್ನೊಂದು ಕಿಲೋಮೀಟರ್. ಸಿಟಿ ಬಸ್ಸು ಬೇಕಾದಷ್ಟಿದೆ, ಆದರೆ ಮೆಟ್ಟಿಲು ಎತ್ತರ, ಕಂಡಕ್ಟರಿಗೆ ತಾಳ್ಮೆ ಗಿಡ್ಡ. ಸಂಜೆ ಕಲ್ಸಂಕದ ವೃತ್ತದಲ್ಲಿ ಸಿಕ್ಕಿಬಿದ್ದರೆ ನಿಮ್ಮ ಗಡಿಯಾರ ನೋಡಬೇಡಿ. ಶನಿವಾರ, ಭಾನುವಾರ ಬೀಚ್ ರಸ್ತೆಗೆ ಹೊರ ಊರಿನ ಕಾರುಗಳು ಬರುತ್ತವೆ, ಹಾಲು ತರಲು ಹೊರಟರೂ ನಡೆದೇ ಹೋಗಬೇಕು.

ನಗರಸಭೆಯ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತದೆ. 2019ರ ಬೇಸಿಗೆಯಲ್ಲಿ ಅದೂ ಬತ್ತಿತ್ತು. ಬಾವಿ ಮತ್ತು ನಲ್ಲಿ ಎರಡೂ ಇರುವ ಮನೆ ಹಿಡಿಯಿರಿ.

ಬೆಣ್ಣೆದೋಸೆ

ಭಾನುವಾರ ಹೋಗಿದ್ದೆ. ಬೀರು ಸರಿಸಲು ಯಜಮಾನರು ಬಿಡಲಿಲ್ಲ. ಬಿಡದೆ ಇದ್ದದ್ದೇ ಉತ್ತರ ಎಂದುಕೊಂಡೆ. ಬಣ್ಣ ಸರಿಯಾಗಿ ಮೂರಡಿ, ಅದರ ಮೇಲೆ ಹಳೆಯದು, ಟೇಪು ಹಿಡಿದು ಬಳಿದ ಹಾಗೆ. ಪಕ್ಕದ ಮನೆಯ ಹಿಂಬದಿಯಲ್ಲಿ ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನುಗಳು ಏಳು ಸಾಲಾಗಿ ನಿಂತಿದ್ದವು. ಮುಂಗಡ ಕೊಡದೆ ಬಂದೆ.

ಕೊಡವೂರಿನಲ್ಲಿ ಒಂದು ಮನೆ ನೋಡಿದ್ದೇನೆ. ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಬಾವಿಯೂ ಇದೆ, ನಲ್ಲಿಯೂ ಇದೆ. ಬಾವಿಯ ನೀರಿನ ಬಗ್ಗೆ ಮೂರು ಮನೆಯವರನ್ನು ಕೇಳಿದೆ, ಮೂವರೂ ಮೇ ತಿಂಗಳಲ್ಲೂ ತೊಂದರೆಯಿಲ್ಲ ಎಂದರು. ಮೂರನೆಯವರು ಚಹಾ ಕುಡಿಸಿಯೇ ಕಳಿಸಿದ್ದು. ಮಗಳಿಗೆ ಕಡಲು ಕಾಣುವುದಿಲ್ಲ ಎಂಬ ಬೇಸರ. ಸೈಕಲ್ ಕೊಡಿಸುವುದಾಗಿ ಹೇಳಿ ಒಪ್ಪಿಸಿದ್ದೇನೆ.

ಅಮ್ಮನದು ಒಂದೇ ಪ್ರಶ್ನೆ ಉಳಿದಿದೆ, ಅಕ್ಕನವರಿಗೆ. ನಮ್ಮ ಮನೆಯಲ್ಲಿ ತಿಂಗಳಿಗೆ ಆಗುವಷ್ಟು ಕಡಕ್ ಜೋಳದ ರೊಟ್ಟಿ ತಟ್ಟಿ ಬುಟ್ಟಿಯಲ್ಲಿ ಇಡುವುದು ವಾಡಿಕೆ. ಅಲ್ಲಿ ಉಳಿಯುತ್ತದೆಯೇ ಎಂದು ಕೇಳಲು ಹೇಳಿದರು.

ಧಾರವಾಡದ ಸೊಸೆಯಲ್ಲ

ಬುಟ್ಟಿಯಲ್ಲಿ ಇಟ್ಟರೆ ಜೂನ್‌ನಲ್ಲಿ ಮೂರನೆಯ ದಿನಕ್ಕೆ ಚಪಾತಿಯ ಹಾಗೆ ಮಡಚಬಹುದು. ನನ್ನ ತಾಯಿ ಮೊದಲ ವರ್ಷ ಐವತ್ತು ರೊಟ್ಟಿ ಬಸ್ಸಿಗೆ ಹಾಕಿ ಕಳಿಸಿದ್ದರು. ನಲವತ್ತನ್ನು ಪಕ್ಕದ ಮನೆಯ ದನಕ್ಕೆ ಹಾಕಿದೆ, ಅವರಿಗೆ ಇವತ್ತಿಗೂ ಹೇಳಿಲ್ಲ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತನ್ನಿ, ದೊಡ್ಡದು. ಅದನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಲು ಹೇಳಿ, ಕಪಾಟಿನೊಳಗೆ ಬೇಡ. ಮೆತ್ತಗಾದದ್ದನ್ನು ಕಾವಲಿಯ ಮೇಲೆ ಎರಡು ನಿಮಿಷ ಒತ್ತಿದರೆ ಮತ್ತೆ ಕಡಕ್ ಆಗುತ್ತದೆ. ಮತ್ತೆ, ಜೋಳ ಊರಿನಿಂದಲೇ ತನ್ನಿ. ಇಲ್ಲಿ ನಾನು ಹುಡುಕುವುದನ್ನು ಬಿಟ್ಟು ಬಹಳ ವರ್ಷವಾಯಿತು. ನನಗೂ ಎರಡು ಕಿಲೋ ಬರಲಿ, ಹಣ ಕೊಡುತ್ತೇನೆ.