ಮಳೆಗಾಲದಲ್ಲಿ ಪಾಟರಿ, ಅದೂ ಹಂಚಿಕೊಂಡ ಕಿಲ್ನ್‌ನಲ್ಲಿ: ಅನುಭವ ಇದ್ದವರು ಹೇಳಿ

ಕೇಳಿದವರು, ವಿರಾಜಪೇಟೆ: ಮಡಿಕೇರಿಯಲ್ಲಿ ಕೆಲವರು ಸೇರಿ ನಡೆಸುವ ಪಾಟರಿ ಸ್ಟುಡಿಯೋದಲ್ಲಿ ನನಗೂ ಜಾಗ ಸಿಕ್ಕಿದೆ. ಜೂನ್‌ನಲ್ಲಿ ಕೆಲಸ ಶುರು. ಎಲ್ಲರಿಗೂ ಸೇರಿ ಒಂದೇ ಕರೆಂಟ್ ಕಿಲ್ನ್ (ಮಣ್ಣಿನ ಪಾತ್ರೆ ಸುಡುವ ಗೂಡು). ಮಳೆಯಲ್ಲಿ ಹೇಗೆ ನಿಭಾಯಿಸ್ತೀರಿ?

ಮಡಿಕೇರಿಯಿಂದ: ಮೊದಲು ಕಿಲ್ನ್ ಸುಡುವ ದಿನ ಯಾವುದು ಅಂತ ಕೇಳಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೇಸಿಗೆಯಲ್ಲಿ ವಾರದೊಳಗೆ ಒಣಗುವ ಕಪ್ ಜುಲೈಯಲ್ಲಿ ಎರಡು ಮೂರು ವಾರ ಆದರೂ ಹಸಿಯಾಗಿಯೇ ಕೂತಿರುತ್ತದೆ. ಗಾಳಿಯಲ್ಲೇ ಅಷ್ಟು ನೀರಿರುವಾಗ ಮಣ್ಣಿನ ನೀರು ಎಲ್ಲಿಗೆ ಹೋಗಬೇಕು, ಅಲ್ವಾ?

ಬಣ್ಣ ನೋಡಿ ಮೋಸ ಹೋಗಬೇಡಿ. ತಳವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಅಂಥದ್ದನ್ನು ಸುಡಲು ಇಟ್ಟರೆ 100 ಡಿಗ್ರಿ ದಾಟುವಾಗ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಚೂರುಗಳು ಪಕ್ಕದವರ ಹೂಜಿಯೊಳಗೂ ಬೀಳುತ್ತವೆ. ಜಗಳ ಶುರುವಾಗುವುದು ಅಲ್ಲೇ! ಅದಕ್ಕೇ ಮಳೆಗಾಲದಲ್ಲಿ ಬಿಸ್ಕ್ (ಲೇಪ ಹಚ್ಚುವ ಮುಂಚೆ ಮೊದಲ ಸಲ ಸುಡುವುದು) ಶುರು ಮಾಡುವ ಮೊದಲು ಕಿಲ್ನ್‌ನ ಗಾಳಿ ತೂತು ತೆರೆದಿಟ್ಟು, 80–90 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಆ ಕರೆಂಟ್ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಬೇಗ ಒಣಗಲಿ ಅಂತ ಹೀಟರ್ ಮುಂದೆ ಇಡಬೇಡಿ. ಹಿಡಿ ತೆಳ್ಳಗಿರುವುದರಿಂದ ಅದು ಮೊದಲು ಒಣಗಿ ಕುಗ್ಗುತ್ತದೆ, ಕಪ್ ಇನ್ನೂ ಹಸಿ. ಆಗ ಬೆಸುಗೆ ಜಾಗದಲ್ಲೇ ಸೀಳು. ಹಿಡಿಗೆ ಪ್ಲಾಸ್ಟಿಕ್ ಸುತ್ತಿ, ಕಪ್ಪನ್ನು ಜಾಲರಿ ಮೇಲೆ ಬೋರಲು ಹಾಕಿ.

ಗೋಣಿಕೊಪ್ಪದಿಂದ: ಮಣ್ಣಿನ ಚೀಲಕ್ಕೆ ಹೆಸರು ಬರೆಯಿರಿ, ಪಾತ್ರೆ ತಳದಲ್ಲೂ ಗುರುತು ಹಾಕಿ. ಸ್ಟೋನ್‌ವೇರ್ ಅನ್ನುವ ಗಟ್ಟಿ ಜಾತಿಯ ಮಣ್ಣು ಬೇಯುವುದು 1200 ಡಿಗ್ರಿಯ ಮೇಲೆ. ಅದರ ಜೊತೆ ಯಾರದ್ದೋ ಟೆರಾಕೋಟ (ಕಡಿಮೆ ಬಿಸಿಗೇ ಬೇಯುವ ಮಣ್ಣು) ಸೇರಿಕೊಂಡರೆ ಕರಗಿ ಕಿಲ್ನ್ ಹಲಗೆಗೆ ಅಂಟುತ್ತದೆ. ಹಲಗೆ ಬೆಲೆ ಕಮ್ಮಿ ಏನಲ್ಲ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿದ ಮೇಲೆ ತಳ ಪೂರ್ತಿ ಒರೆಸಿ, ತಳದ ಅಂಚಿನಲ್ಲೂ ಸ್ವಲ್ಪ ಜಾಗ ಬಿಡಿ. ಇನ್ನೊಂದು, ದಯವಿಟ್ಟು ಪೊರಕೆ ಹಿಡಿಯಬೇಡಿ. ಒಣ ಮಣ್ಣಿನ ಧೂಳಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಪೆಟ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೋಮವಾರಪೇಟೆಯಿಂದ: ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಹೊಸತೇನಲ್ಲ. ಸುಡುವ ಮಧ್ಯೆ ಹೋದರೆ ಗಾಬರಿಯಿಂದ ಮುಚ್ಚಳ ತೆಗೆಯಬೇಡಿ. 573 ಡಿಗ್ರಿ ಸುತ್ತ ಮಣ್ಣಿನೊಳಗಿನ ಕ್ವಾರ್ಟ್ಜ್‌ನ ಗಾತ್ರ ಥಟ್ಟನೆ ಬದಲಾಗುತ್ತದೆ. ಆ ಹೊತ್ತಿಗೆ ತಣ್ಣನೆ ಗಾಳಿ ಹೊಕ್ಕರೆ ಪಾತ್ರೆ ಬಿರುಕು ಬಿಡುತ್ತದೆ. ತಾನಾಗಿ ಆರಲಿ. ಬಿಸ್ಕ್ ಆದರೆ ಮತ್ತೆ ಸುಡಬಹುದು.

ಮತ್ತೆ ಮಡಿಕೇರಿಯಿಂದ: ಮರೆತಿದ್ದೆ. ತೋಟದ ಕಾಫಿ ಗಿಡದ ಸೌದೆ ಬೂದಿ ಸಿಕ್ಕರೆ ಬಿಡಬೇಡಿ, ಗ್ಲೇಜ್‌ಗೆ ಬರುತ್ತದೆ. ಜರಡಿ ಹಿಡಿಯುವಾಗ ಮಾಸ್ಕ್, ನೀರಲ್ಲಿ ಕಲಸುವಾಗ ಗ್ಲೌಸ್ ಇರಲಿ, ಬೂದಿ ನೀರು ಕೈ ಸುಡುತ್ತದೆ. ಒಂದೊಂದು ಒಲೆಯ ಬೂದಿ ಒಂದೊಂದು ಥರ ಕರಗುತ್ತದೆ. ಹಾಗಾಗಿ ಮೊದಲು ಚಿಕ್ಕ ಬಿಲ್ಲೆ ಮೇಲೆ ಹಚ್ಚಿ ನೋಡಿ, ಅಡಿಗೆ ಹಳೇ ಬಿಸ್ಕ್ ತಟ್ಟೆ ಇಡಿ. ಸೋರಿದರೆ ನಿಮ್ಮ ತಟ್ಟೆ ಹೋಗುತ್ತದೆ, ಎಲ್ಲರ ಹಲಗೆ ಉಳಿಯುತ್ತದೆ.