ಕೊನೇ ಅಡ್ಡರಸ್ತೆಯ ನಿಂತ ನೀರು: ಅರ್ಜಿಗೆ ಸಹಿ, ಭಾನುವಾರ ಕೆಲಸ

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಬಿಡುವು ಕೊಟ್ಟಿದೆ, ಸೊಳ್ಳೆ ಕೊಟ್ಟಿಲ್ಲ. ಕೊನೇ ಅಡ್ಡರಸ್ತೆಯ ಎರಡು ಮನೆಗಳಲ್ಲಿ ಡೆಂಗಿ ಅಂತ ರಿಪೋರ್ಟ್ ಬಂದಿದೆ. ಒಂದು ಮಗು ಇನ್ನೂ ಆಸ್ಪತ್ರೆಯಲ್ಲೇ ಇದೆ. ಅರ್ಧಕ್ಕೆ ನಿಂತ ಆ ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ಮೊಣಕಾಲುದ್ದ ನೀರಿದೆ. ಮಾಲೀಕರಿಗೆ ಫೋನ್ ಮಾಡಿದರೆ "ಮಳೆಗಾಲ ಮುಗೀಲಿ, ನೋಡೋಣ" ಅಂತಾರೆ. ಏನು ಮಾಡೋಣ?

ಮೂಲೆ ಅಂಗಡಿ: ಫಾಗಿಂಗ್ ಗಾಡಿ ಕರೆಸಿ. ಹೋದ ವರ್ಷ ಬಂದಿತ್ತಲ್ಲ.

ಅಕ್ಕೋರು: ಬಂದಿತ್ತು. ಹೊಗೆ ಅಂತ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಸೊಳ್ಳೆಯೂ ನಮ್ಮ ಜೊತೆ ಒಳಗೇ ಕೂತಿತ್ತು.

ಆಶಾ ಕಾರ್ಯಕರ್ತೆ: ಅಕ್ಕೋರು ಹೇಳಿದ್ದು ತಮಾಷೆ ಅಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕರ್ಟನ್ ಹಿಂದೆ, ಮಂಚದ ಕೆಳಗೆ ಕೂರುತ್ತದೆ. ಕಚ್ಚುವುದೂ ಹಗಲಲ್ಲಿ, ಬೆಳಿಗ್ಗೆ ಮತ್ತು ಸಂಜೆ ಮುಂಚೆ ಜಾಸ್ತಿ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿ, ಅಂದರೆ ಲಾರ್ವಾ, ಹಾಗೇ ಉಳಿಯುತ್ತದೆ, ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಹೊರಗೆ ಬರುತ್ತದೆ.

ನಿನ್ನೆ ಮನೆಮನೆ ನೋಡಿಕೊಂಡು ಬಂದೆ. ಯಾರ ಮನೆ ಅಂತ ಹೇಳಲ್ಲ. ಒಂದು ಕಡೆ ಕಟ್ಟಿಗೆ ಮೇಲೆ ಹೊದಿಸಿದ ಟಾರ್ಪಾಲ್ ಜೋತು ಬಿದ್ದು ನೀರು ನಿಂತಿತ್ತು. ಟಾರ್ಚ್ ಬಿಟ್ಟರೆ ಮೇಲ್ಗಡೆ ತಲೆಕೆಳಗಾಗಿ ನೇತಾಡುತ್ತಿದ್ದ ಮರಿಗಳೆಲ್ಲ ಬಳುಕುತ್ತಾ ಸರ್ರನೆ ತಳಕ್ಕೆ ಇಳಿದವು. ಒಂದು ಲೋಟ ನೀರಲ್ಲೇ ಎಣಿಸಲಾರದಷ್ಟು. ಇನ್ನೊಂದು ಮನೆ ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆಗಳು. ಒಂದೊಂದು ಹಾಳೆಯಲ್ಲೂ ನೀರು, ಒಂದೊಂದರಲ್ಲೂ ಮರಿ. ಗುಂಡಿ ದೊಡ್ಡದು ಅಂತ ಬರೀ ಗುಂಡಿಯನ್ನೇ ನೋಡಬೇಡಿ.

ಮೇಲಿನ ರಸ್ತೆ, ಬಾಡಿಗೆ ಮನೆ: ಡ್ರಮ್ ನೀರು ವಾರಕ್ಕೊಮ್ಮೆ ಚೆಲ್ತೇವೆ ಅಕ್ಕಾ. ಸಾಕಲ್ವಾ?

ಆಶಾ ಕಾರ್ಯಕರ್ತೆ: ಸಾಲದು. ಮೊಟ್ಟೆ ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ಕೂಡಲೇ ಒಡೆಯುತ್ತದೆ. ಚೆಲ್ಲಿ, ತೆಂಗಿನ ನಾರಿನಿಂದ ಒಳಗಡೆ ಗಟ್ಟಿಯಾಗಿ ತಿಕ್ಕಿ. ಆಮೇಲೆ ಬಟ್ಟೆ ಕಟ್ಟಿ ಮುಚ್ಚಿ. ಬಳಸದ ಬಾವಿ, ತೊಟ್ಟಿ ಇದ್ದರೆ ಹೇಳಿ, ಮರಿ ತಿನ್ನುವ ಗಪ್ಪಿ ಮೀನು ಬಿಡಿಸೋಣ.

ಮನೆ 9: ಪಪ್ಪಾಯಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತಂತೆ.

ಆಶಾ ಕಾರ್ಯಕರ್ತೆ: ಅದನ್ನೇ ನಂಬಿ ಆಸ್ಪತ್ರೆ ತಪ್ಪಿಸಬೇಡಿ ಅಣ್ಣಾ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಜಾಸ್ತಿ ಮಾಡಬಹುದು. ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಆಗ ಹೊಟ್ಟೆನೋವು, ಬಿಡದೆ ವಾಂತಿ, ಒಸಡಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕಾಯಬೇಡಿ, ರಾತ್ರಿಯಾದರೂ ಹೊರಡಿ.

ಮಾಸ್ತರು: ಗುಂಡಿ ವಿಷಯಕ್ಕೆ ನಾಲ್ಕು ಜನ ನಗರಸಭೆಗೆ ಹೋಗಿ ಕೈ ಮುಗಿದು ಕೇಳೋಣ. ಕೆಲಸ ಆಗಬೇಕು ಅಷ್ಟೇ.

ವಕೀಲರು: ಕೈ ಮುಗಿಯುವುದು ಮಾರಿಕಾಂಬೆಗೆ ಇರಲಿ ಮಾಸ್ತರೇ. ಇಲ್ಲಿ ಅರ್ಜಿ ಕೊಡೋಣ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ನಮ್ಮಂಥವರೇ ತೆರೆದ ಚರಂಡಿ, ಗಬ್ಬು, ಸೊಳ್ಳೆ ತಾಳಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಅಲ್ಲಿನ ಪುರಸಭೆ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಬಂತು: ದುಡ್ಡಿಲ್ಲ ಅನ್ನುವುದು ನೆಪ ಆಗಲ್ಲ, ಊರು ಸ್ವಚ್ಛ ಇಡುವುದು ಕಡ್ಡಾಯ ಕೆಲಸ. ಸಂವಿಧಾನದ 47ನೇ ವಿಧಿ ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಒಂದು ಅನ್ನುತ್ತದೆ. 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಆರೋಗ್ಯವೂ ಸೇರಿದೆ ಅಂತ ಕೋರ್ಟುಗಳು ಹೇಳಿವೆ. ಕಾಯಿಲೆ ಬಂದ ಮೇಲೆ ಮಾತ್ರೆ ಕೊಡುವುದಷ್ಟೇ ಅಲ್ಲ, ಬಾರದ ಹಾಗೆ ನೋಡಿಕೊಳ್ಳುವುದೂ ಅದರಲ್ಲೇ ಬಂತು.

ಆ ಗುಂಡಿಗೆ ಬೇರೆಯದೇ ಅಸ್ತ್ರ ಇದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ಇಟ್ಟಿತು. ಪಟ್ಟಣದಲ್ಲಿ ಕಟ್ಟುತ್ತಿರುವ ಕಟ್ಟಡ, ಖಾಲಿ ಸೈಟಿಗೆ 2000 ರೂಪಾಯಿ. ಅದಕ್ಕೂ ಬಗ್ಗದಿದ್ದರೆ ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಹತ್ತಿರ, ಸಾರ್ವಜನಿಕ ಉಪದ್ರವ ತೆಗೆಸುವ ನಾಗರಿಕ ಸುರಕ್ಷಾ ಸಂಹಿತೆ 152ರ ಕೆಳಗೆ ಹೋಗಬಹುದು. ರತ್ಲಾಮ್‌ನವರು ಬಳಸಿದ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 133ರ ಹೊಸ ರೂಪ ಅದು.

ಮೂಲೆ ಅಂಗಡಿ: ದಂಡ ಮನೆಗಳಿಗೂ ಇದೆಯಾ?

ವಕೀಲರು: ಇದೆ. ಪಟ್ಟಣದ ಮನೆಗೆ 400, ಅಂಗಡಿಗೆ 1000. ನಿಮ್ಮ ಹಿಂದಿನ ಟೈರುಗಳನ್ನು ಇವತ್ತೇ ತೆಗೆಸಿಬಿಡಿ.

ಮೂಲೆ ಅಂಗಡಿ: 🙏 ಸಂಜೆಯೊಳಗೆ.

ಮೇಲಿನ ರಸ್ತೆ, ಬಾಡಿಗೆ ಮನೆ: ಬಾಡಿಗೆಯವರೂ ಸಹಿ ಹಾಕಬಹುದಾ ಸರ್?

ವಕೀಲರು: ಧಾರಾಳವಾಗಿ. ಸೊಳ್ಳೆ ಕ್ರಯಪತ್ರ ನೋಡಿ ಕಚ್ಚುತ್ತಾ?

ಕಾರ್ಯದರ್ಶಿ: ಮಾಲೀಕರಿಗೆ ಈ ದಂಡದ ವಿಷಯ ಬರೆದು ಕಳಿಸಿದೆ. ಹತ್ತೇ ನಿಮಿಷದಲ್ಲಿ ಉತ್ತರ! "ನೀರು ತೆಗೆಸಿ, ಪಂಪಿನ ಖರ್ಚು ಕೊಡ್ತೇನೆ" ಅಂದಿದ್ದಾರೆ.

ವಕೀಲರು: ಆ ಮೆಸೇಜ್ ಅಳಿಸಬೇಡಿ. ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬಾರದು. ಅರ್ಜಿ ಮಾತ್ರ ಕೊಟ್ಟೇ ಕೊಡೋಣ. ಈಗ ಖಾಲಿ ಮಾಡಿದರೆ ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ಗುಂಡಿಗೆ ಮುಚ್ಚಳ ಬೇಕು, ವಾರಕ್ಕೊಮ್ಮೆ ಲಾರ್ವಾ ತಪಾಸಣೆ ಬೇಕು, ಎರಡೂ ಬರೆಯಿರಿ. ಕೊಟ್ಟ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ.

ಮಾಸ್ತರು: ಸರಿ, ನಾನೇ ಬರೆದುಕೊಡ್ತೇನೆ. ಆದರೆ "ವಿನಮ್ರವಾಗಿ ಬೇಡಿಕೊಳ್ಳುತ್ತೇವೆ" ಅಂತ ಒಂದು ಸಾಲು ಇರಲಿ, ಅಭ್ಯಾಸ.

ವಕೀಲರು: ಒಂದೇ ಸಾಲು, ಮಾಸ್ತರೇ.

ಕಾರ್ಯದರ್ಶಿ: ಸಹಿ ಹಾಳೆ ಮೂಲೆ ಅಂಗಡಿಯಲ್ಲಿದೆ, ಶನಿವಾರ ರಾತ್ರಿವರೆಗೆ. ಭಾನುವಾರ ಬೆಳಿಗ್ಗೆ 7ಕ್ಕೆ ಪಂಪು. ಅದೇ ಹೊತ್ತಿಗೆ ಅವರವರ ಹಿತ್ತಲು ಅವರವರೇ ನೋಡಿ, ಆಶಾ ಅಕ್ಕ ಬಂದಾಗ ಅಡಿಕೆ ಹಾಳೆ, ಟಾರ್ಪಾಲ್ ಮಗುಚಿರಬೇಕು. ಉದ್ದದ ಪೈಪ್ ಯಾರ ಹತ್ತಿರ ಇದೆ?

ಮನೆ 9: ನಮ್ಮ ತೋಟದ್ದು ಇದೆ, ತರ್ತೇನೆ. ನೀರು ದೊಡ್ಡ ಚರಂಡಿಗೇ ಹೋಗಬೇಕು ಮತ್ತೆ, ನಮ್ಮ ಗೇಟಿನ ಮುಂದೆ ಬಿಡಬೇಡಿ.